ಒಂದೇ ಹುಡುಕಾಟಕ್ಕೆ ಎರಡು ಸ್ಕೋರ್: ಶಾರ್ಡ್, ರೆಪ್ಲಿಕಾ ಮತ್ತು ಐಡಿಎಫ್ ಲೆಕ್ಕ

ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟ ತಂತ್ರಾಂಶದಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಳುಹಿಸಿದಾಗ, ನಡುವೆ ಯಾವ ದಾಖಲೆಯೂ ಬದಲಾಗದಿದ್ದರೂ ಫಲಿತಾಂಶಗಳ ಕ್ರಮ ಹಿಂದುಮುಂದಾಗುವುದುಂಟು. ಇಂಡೆಕ್ಸ್, ಅಂದರೆ ಹುಡುಕಲು ಅಣಿಗೊಳಿಸಿದ ದಾಖಲೆಗಳ ಸಂಗ್ರಹ, ಶಾರ್ಡ್ ಎಂಬ ತುಂಡುಗಳಾಗಿ ಹಂಚಿರುತ್ತದೆ; ಪ್ರತಿ ಶಾರ್ಡಿಗೂ ಪ್ರೈಮರಿ ಎಂಬ ಮೂಲ ಪ್ರತಿ, ರೆಪ್ಲಿಕಾ ಎಂಬ ನಕಲು ಪ್ರತಿಗಳು ಇರುತ್ತವೆ. ಫಲಿತಾಂಶಗಳ ಕ್ರಮವನ್ನು ನಿರ್ಧರಿಸುವ ಸ್ಕೋರ್ ಎಂಬುದು ದಾಖಲೆಯೊಂದರ ಸ್ವಂತ ಗುಣವಲ್ಲ, ಆ ದಾಖಲೆ ಇರುವ ಶಾರ್ಡ್ ಪ್ರತಿಯ ಅಂಕಿಅಂಶಗಳನ್ನು ಅವಲಂಬಿಸಿದ ಸಂಖ್ಯೆ ಎಂಬುದನ್ನು ಒಪ್ಪಿಕೊಂಡರೆ ಈ ವರ್ತನೆಯ ಬಹುಪಾಲು ಅರ್ಥವಾಗುತ್ತದೆ.

5.0 ಆವೃತ್ತಿಯಿಂದ ಪೂರ್ವನಿಯೋಜಿತವಾಗಿರುವ ಬಿಎಂ25 ಎಂಬ ಸ್ಕೋರ್ ಸೂತ್ರದಲ್ಲಿ, ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡುವ ಭಾಗವೇ ಐಡಿಎಫ್. ಒಟ್ಟು ದಾಖಲೆಗಳು N, ಪದವಿರುವ ದಾಖಲೆಗಳು n ಆದರೆ ಅದರ ಬೆಲೆ ln(1 + (N − n + 0.5) / (n + 0.5)). ಪ್ರತಿ ಶಾರ್ಡ್ ಪ್ರತಿಯೂ ಈ N ಮತ್ತು n ಗಳನ್ನು ತನ್ನೊಳಗಿನ ದಾಖಲೆಗಳಿಂದಲೇ ಎಣಿಸಿಕೊಳ್ಳುತ್ತದೆ.

ಕಲಿಯುವವರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ರೆಪ್ಲಿಕಾಗಳ ನಡುವಿನ ವ್ಯತ್ಯಾಸ. ಎಲಾಸ್ಟಿಕ್‌ಸರ್ಚ್ ಒಳಗೆ ಬಳಸುವ ಹುಡುಕಾಟ ಲೈಬ್ರರಿಯಾದ ಲೂಸೀನ್‌ನ ಸೆಗ್ಮೆಂಟ್‌ಗಳನ್ನು (ಶಾರ್ಡ್‌ನ ದಾಖಲೆಗಳನ್ನಿಡುವ ಭಾಗಗಳನ್ನು) ಒಮ್ಮೆ ಬರೆದ ಮೇಲೆ ತಿದ್ದುವಂತಿಲ್ಲವಾದ್ದರಿಂದ, ಅಳಿಸಿದ ದಾಖಲೆಗೆ ಗುರುತು ಮಾತ್ರ ಬೀಳುತ್ತದೆ. ನವೀಕರಣವೆಂದರೂ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸುವುದೇ. ಸೆಗ್ಮೆಂಟ್‌ಗಳು ವಿಲೀನವಾಗುವವರೆಗೂ ಅಳಿಸಿದ ದಾಖಲೆಗಳು ಎಣಿಕೆಯಲ್ಲಿ ಉಳಿದಿರುತ್ತವೆ, ಮತ್ತು ಈ ವಿಲೀನ ಪ್ರೈಮರಿಯಲ್ಲೂ ರೆಪ್ಲಿಕಾದಲ್ಲೂ ಸಾಮಾನ್ಯವಾಗಿ ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತದೆ. 1000 ದಾಖಲೆಗಳ ಪೈಕಿ ಒಂದು ಪದವಿರುವ 10 ದಾಖಲೆಗಳನ್ನೂ ನವೀಕರಿಸಲಾಗಿದೆ ಎಂದಿಟ್ಟುಕೊಳ್ಳಿ. ವಿಲೀನ ಮುಗಿದ ಪ್ರತಿಯಲ್ಲಿ N = 1000, n = 10, ಐಡಿಎಫ್ ಸುಮಾರು 4.56; ಮುಗಿಯದ ಪ್ರತಿಯಲ್ಲಿ N = 1010, n = 20, ಐಡಿಎಫ್ ಸುಮಾರು 3.90. ಪ್ರಶ್ನೆ ಯಾವ ಪ್ರತಿಗೆ ಹೋಗುತ್ತದೆಯೋ ಅದರ ಮೇಲೆ ಸ್ಕೋರ್ ನಿಂತಿದೆ. ಸ್ಕೋರ್ ಸಮವಾದ ದಾಖಲೆಗಳ ಪಾಡೂ ಇದೇ: ಅವುಗಳ ಕ್ರಮವನ್ನು ನಿರ್ಧರಿಸುವ ಲೂಸೀನ್‌ನ ಆಂತರಿಕ ಸಂಖ್ಯೆ ಪ್ರತಿಯಿಂದ ಪ್ರತಿಗೆ ಬೇರೆ ಇರಬಹುದು.

ಇದಕ್ಕೊಂದು ಉಪಾಯವಿದೆ: ಪ್ರಶ್ನೆಯೊಡನೆ ಬಳಕೆದಾರರ ಐಡಿ ಅಥವಾ ಸೆಷನ್ ಐಡಿಯನ್ನು ಪ್ರಿಫರೆನ್ಸ್ (ಯಾವ ಪ್ರತಿಗೆ ಕೇಳಬೇಕೆಂದು ಸೂಚಿಸುವ ಆಯ್ಕೆ) ಮೌಲ್ಯವಾಗಿ ಕಳುಹಿಸಿದರೆ, ಒಬ್ಬರ ಪ್ರಶ್ನೆಗಳು ಸಾಧ್ಯವಾದಷ್ಟೂ ಅದೇ ಪ್ರತಿಗಳಿಗೆ ಹೋಗುತ್ತವೆ. ಇಬ್ಬರು ಬಳಕೆದಾರರ ನಡುವಿನ ವ್ಯತ್ಯಾಸ ಇದರಿಂದ ಹೋಗುವುದಿಲ್ಲ. ಆದರೆ ಪುಟ ತಿರುವಿದಾಗ ನೋಡಿದ ದಾಖಲೆಯೇ ಮತ್ತೆ ಎದುರಾಗುವ ಕಿರಿಕಿರಿ ಬಹುಮಟ್ಟಿಗೆ ತಪ್ಪುತ್ತದೆ, ಹೆಚ್ಚಿನ ಕಡೆ ಅಷ್ಟು ಸಾಕು ಎಂದೇ ನನ್ನ ಅಭಿಪ್ರಾಯ.

ಶಾರ್ಡ್‌ಗಳ ನಡುವಿನ ಅಸಮತೆ ಬೇರೆಯೇ ವಿಷಯ. ದಾಖಲೆಗಳು ಶಾರ್ಡ್‌ಗಳಲ್ಲಿ ಸಮನಾಗಿ ಹಂಚಿಹೋಗದಿದ್ದಾಗ, ಅಥವಾ ಇಂಡೆಕ್ಸ್ ತೀರ ಚಿಕ್ಕದಾಗಿದ್ದಾಗ, ಒಂದೇ ಪದಕ್ಕೆ ಶಾರ್ಡಿಗೊಂದು ತೂಕ ಬರುತ್ತದೆ. ಚಿಕ್ಕ ಇಂಡೆಕ್ಸನ್ನು ಒಂದೇ ಶಾರ್ಡ್‌ನಲ್ಲಿಡುವುದು ನೇರ ಪರಿಹಾರ, 7.0 ಆವೃತ್ತಿಯಿಂದ ಶಾರ್ಡ್‌ಗಳ ಪೂರ್ವನಿಯೋಜಿತ ಸಂಖ್ಯೆಯೂ 5ರಿಂದ 1ಕ್ಕೆ ಇಳಿದಿದೆ. ಅದಾಗದಿದ್ದರೆ, ಮೊದಲು ಎಲ್ಲ ಶಾರ್ಡ್‌ಗಳಿಂದ ಪದಗಳ ಎಣಿಕೆಯನ್ನು ಒಟ್ಟುಗೂಡಿಸಿ ಆಮೇಲೆ ಸ್ಕೋರ್ ಮಾಡುವ ಡಿಎಫ್‌ಎಸ್ ವಿಧಾನವಿದೆ, ಅದಕ್ಕೆ ಒಂದು ಸುತ್ತಿನ ಸಂವಹನ ಹೆಚ್ಚು ತಗಲುತ್ತದೆ. ಆದರೆ ಡಿಎಫ್‌ಎಸ್ ಕೂಡ ಆ ಕ್ಷಣಕ್ಕೆ ಆಯ್ಕೆಯಾದ ಪ್ರತಿಗಳನ್ನೇ ಕೇಳುತ್ತದೆ, ಅಳಿಸಿದ ದಾಖಲೆಗಳೂ ಅದರ ಎಣಿಕೆಯಲ್ಲಿ ಸೇರಿರುತ್ತವೆ. ಆದ್ದರಿಂದ ರೆಪ್ಲಿಕಾ ತೊಂದರೆಗೆ ಇದನ್ನೇ ಮದ್ದೆಂದು ಹಚ್ಚುವ ಮೊದಲು ಸ್ಕೋರ್ ಲೆಕ್ಕವನ್ನು ಬಿಡಿಸಿ ತೋರಿಸುವ ಎಕ್ಸ್‌ಪ್ಲೇನ್ ಆಯ್ಕೆ ಹಾಕಿ ಪ್ರಶ್ನೆಯನ್ನು ಕೆಲವು ಬಾರಿ ಕಳುಹಿಸಿ, ಒಂದೇ ದಾಖಲೆಯ N, n ಮತ್ತು ಉತ್ತರಿಸಿದ ನೋಡ್‌ಗಳನ್ನು (ಸರ್ವರ್‌ಗಳನ್ನು) ಹೋಲಿಸಿ ನೋಡಬೇಕು.