ಅನಾಥ ಮಕ್ಕಳ ದುಡ್ಡಲ್ಲಿ ಅಜ್ಜಿಗೆ ನೀರಿನ ಟ್ಯಾಂಕ್ ಯಾಕೆ?

ಪ್ರಶ್ನೆ: ಆಫ್ರಿಕಾದ ಅನಾಥ ಮಕ್ಕಳಿಗೆ ನೆರವಾಗುವ ಒಂದು ಚಿಕ್ಕ ಸಂಸ್ಥೆಗೆ ದುಡ್ಡು ಕೊಡೋಣ ಅಂತಿದ್ದೆವು. ಅವರ ಲೆಕ್ಕ ನೋಡಿದರೆ ಅಜ್ಜಿಗೆ ಅಡುಗೆಮನೆ, ಅಜ್ಜಿಗೆ ಕಕ್ಕಸು, ಅಜ್ಜಿಗೆ ನೀರಿನ ಟ್ಯಾಂಕ್, ಅಜ್ಜಿಗೆ ಸಾಲ ಅಂತೆಲ್ಲ ಇದೆ. ಮಕ್ಕಳ ಹೆಸರಲ್ಲಿ ದುಡ್ಡು ಎತ್ತಿ ಮುದುಕಿಯರಿಗೆ ಖರ್ಚು ಮಾಡುವುದು ಸರಿಯಾ? ಅದರ ಬದಲು ಒಂದು ಒಳ್ಳೆ ಅನಾಥಾಶ್ರಮ ಕಟ್ಟಿಸಬಾರದಾ?

ಉತ್ತರ: ಸರಿಯೇ. ನನ್ನನ್ನು ಕೇಳಿದರೆ, ಆ ಸಂಸ್ಥೆಗೆ ತನ್ನ ಕೆಲಸ ಗೊತ್ತಿದೆ ಅನ್ನುವುದಕ್ಕೆ ಆ ಅಜ್ಜಿ ಲೆಕ್ಕವೇ ಗುರುತು. ಮೊದಲ ಸಲ ಇಂಥ ಲೆಕ್ಕ ನೋಡಿದಾಗ ನನಗೂ ನಿಮ್ಮ ಹಾಗೇ ಅನುಮಾನ ಬಂದಿತ್ತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೊಂದಲ ಶುರುವಾಗುವುದೇ 'ಅನಾಥ' ಅನ್ನುವ ಮಾತಿನಿಂದ. ನಮ್ಮ ಕಿವಿಗೆ ಅನಾಥ ಅಂದರೆ ಹಿಂದೆ ಮುಂದೆ ಯಾರೂ ಇಲ್ಲದ ಮಗು. ಯುನಿಸೆಫ್ ಲೆಕ್ಕ ಬೇರೆ. ಹದಿನೆಂಟು ತುಂಬದ ಮಗುವಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಸಾಕು, ಅದು ಆ ಪಟ್ಟಿಗೆ ಸೇರುತ್ತದೆ. 2015ರ ಲೆಕ್ಕದಲ್ಲಿ ಪ್ರಪಂಚದಲ್ಲಿ ಇಂಥ ಮಕ್ಕಳು ಸುಮಾರು 14 ಕೋಟಿ. ಆಫ್ರಿಕಾದಲ್ಲಿ 5.2 ಕೋಟಿ. (ಏಷ್ಯಾದಲ್ಲಿ ಇನ್ನೂ ಜಾಸ್ತಿ, 6.1 ಕೋಟಿ. ಅದು ಯಾಕೋ ನಮಗೆ ನೆನಪಾಗುವುದಿಲ್ಲ.) ಆ 14 ಕೋಟಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲದವರು 1.51 ಕೋಟಿ. ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಇಬ್ಬರೂ ಇಲ್ಲದ ಮಕ್ಕಳಿಗೂ ಬಹಳ ಕಡೆ ಚಿಕ್ಕಮ್ಮನೋ ಮಾವನೋ ಅಜ್ಜಿಯೋ ಇರುತ್ತಾರೆ. ಏಡ್ಸ್ ಹೊಡೆತ ಬಿದ್ದ ಹಳ್ಳಿಗಳಲ್ಲಂತೂ ಅಜ್ಜಿಯೇ ಜಾಸ್ತಿ.

ಉಗಾಂಡಾದ ಒಂದು ಸಂಸ್ಥೆಯ ಕಥೆ ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ. ಅದರ ಹೆಸರು ನ್ಯಾಕ. ದೇಶದ ನೈರುತ್ಯ ಮೂಲೆಯಲ್ಲಿ ಕನುಂಗು ಅಂತ ಒಂದು ಜಿಲ್ಲೆ. ಎಲ್ಲಿ ನೋಡಿದರೂ ಗುಡ್ಡ, ಗುಡ್ಡದ ಮೈಮೇಲೆ ಬಾಳೆತೋಟ. ಗೊರಿಲ್ಲಾಗಳಿರುವ ಬ್ವಿಂಡಿ ಕಾಡು ಅಲ್ಲೇ ಪಕ್ಕ. ಅಲ್ಲಿನ ನ್ಯಾಕಗ್ಯೇಜಿ ಹಳ್ಳಿಯವರು ಟ್ವೆಸಿಗ್ಯೆ ಜಾಕ್ಸನ್ ಕಗುರಿ. ಕಂಪಾಲದಲ್ಲಿ ಓದಿ ಅಮೆರಿಕಕ್ಕೆ ಹೋದವರು. 1996ರಲ್ಲಿ ಅವರ ಅಣ್ಣ ಏಡ್ಸ್‌ನಿಂದ ತೀರಿಕೊಂಡರು. ಮೂರು ಮಕ್ಕಳು ಉಳಿದವು. ಸ್ವಲ್ಪ ಕಾಲದಲ್ಲೇ ಒಡಹುಟ್ಟಿದ ಹೆಣ್ಣುಮಗಳೂ ಹೋದಳು. ಅವಳದೊಂದು ಗಂಡುಮಗು. ಊರಿಗೆ ಬಂದರೆ ಇವರ ಮನೆಯ ಕಥೆಯೇ ಎಲ್ಲರ ಮನೆಯಲ್ಲೂ. 2001ರಲ್ಲಿ ಗಂಡ ಹೆಂಡತಿ ಸೇರಿ, ಅಮೆರಿಕದಲ್ಲಿ ಮನೆ ಕೊಳ್ಳಲು ಮುಂಗಡಕ್ಕೆಂದು ಕೂಡಿಟ್ಟಿದ್ದ 5,000 ಡಾಲರ್ ತೆಗೆದು ಊರಲ್ಲಿ ಶಾಲೆ ಕಟ್ಟಲು ಹಾಕಿದರು. ಸಂಸ್ಥೆ ಶುರುವಾಗಿದ್ದು ಹಾಗೆ.

ಅಷ್ಟೊಂದು ಸಾವು ಯಾಕೆ ಅಂತ ಕೇಳಬಹುದು. ಉಗಾಂಡಾದಲ್ಲಿ ಈ ಕಾಯಿಲೆ ಮೊದಲು ಗಮನಕ್ಕೆ ಬಂದದ್ದು 1982ರ ಸುಮಾರಿಗೆ, ವಿಕ್ಟೋರಿಯಾ ಸರೋವರದ ದಡದ ರಕಾಯ್ ಜಿಲ್ಲೆಯಲ್ಲಿ. ಗಟ್ಟಿಮುಟ್ಟಾಗಿದ್ದವರು ಸೊರಗಿ ಸೊರಗಿ ಕಡ್ಡಿಯಾಗುತ್ತಿದ್ದರು. ಅದಕ್ಕೇ ಜನ ಆ ಕಾಯಿಲೆಗೆ 'ಸ್ಲಿಮ್' ಅಂತ ಹೆಸರಿಟ್ಟರು. ಅದು ಹೊತ್ತುಕೊಂಡು ಹೋಗಿದ್ದು ಹೊಲ ಉಳುವ, ಪಾಠ ಹೇಳುವ, ಲಾರಿ ಓಡಿಸುವ ವಯಸ್ಸಿನವರನ್ನು. ಮನೆಯಲ್ಲಿ ಮೇಲಿನ ತಲೆಮಾರು ಉಳಿಯಿತು, ಕೆಳಗಿನ ತಲೆಮಾರು ಉಳಿಯಿತು, ನಡುವಿನದು ಹೋಯಿತು. 1996ರ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆ ಬಂದಿತ್ತು. ಆದರೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ. ಹಳ್ಳಿಯವರಿಗೆ ಅದು ಇದ್ದೂ ಇಲ್ಲದ ಹಾಗೆ. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಅದೇ ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಎಂದಿತು. ಆಮೇಲೆ ಬೆಲೆ ಇಳಿಯುತ್ತಾ ಹೋಯಿತು, ಸಾಯುವವರೂ ಕಡಿಮೆಯಾದರು. ಆಫ್ರಿಕಾದ ಅನಾಥ ಮಕ್ಕಳ ವಿಷಯಕ್ಕೆ ಭಾರತದ ದೊಡ್ಡ ನಂಟು ಇದೇ. ಇನ್ನೂ ಎಷ್ಟೋ ಮಕ್ಕಳು ತಬ್ಬಲಿಯಾಗದಂತೆ ತಡೆದದ್ದು ನಮ್ಮ ಕಡೆಯಿಂದ ಹೋದ ಆ ಮಾತ್ರೆ. ಆದರೆ ಕಗುರಿಯವರ ಅಣ್ಣನಿಗೆ ಅದು ಐದು ವರ್ಷ ತಡ.

ನ್ಯಾಕ ಶಾಲೆಯಲ್ಲಿ 2003ರಲ್ಲಿ ಪಾಠ ಶುರುವಾಯಿತು. ಉಗಾಂಡಾ ಸರ್ಕಾರ 1997ರಲ್ಲೇ ಪ್ರಾಥಮಿಕ ಶಾಲೆಯ ಫೀಸು ತೆಗೆದಿತ್ತು ನಿಜ. ಆದರೆ ಯೂನಿಫಾರ್ಮ್, ಪುಸ್ತಕ, ಮಧ್ಯಾಹ್ನದ ಊಟ ಮನೆಯವರ ತಲೆಗೇ. ಮೊಮ್ಮಕ್ಕಳು ಐದಾರು ಇರುವ ಮನೆಯಲ್ಲಿ ಅದೇ ದೊಡ್ಡ ಹೊರೆ. ಇಲ್ಲಿ ಅದೂ ಪುಕ್ಕಟೆ. ಊಟದ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಆ ಸೀಮೆಯಲ್ಲಿ 'ಕಾರೊ' ಅಂತ ಮಾಡುತ್ತಾರೆ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಮರದ ಕೋಲಲ್ಲಿ ತಿರುವಿ ತಿರುವಿ ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುವುದು. ಹಿಟ್ಟು ಯಾವುದು ಅಂದುಕೊಂಡಿರಿ? ರಾಗಿ! ರಾಗಿಯ ತವರು ಪೂರ್ವ ಆಫ್ರಿಕಾದ ಆ ಎತ್ತರದ ನೆಲವೇ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಮಂಡ್ಯದವರನ್ನು ಕನುಂಗುವಿಗೆ ಕರೆದುಕೊಂಡು ಹೋದರೆ ಊಟಕ್ಕೆ ತೊಂದರೆ ಇಲ್ಲ.

ಸರಿ, ಶಾಲೆಗೆ ವಾಪಸ್ ಬರೋಣ. ಶಾಲೆ ಎಷ್ಟೇ ಚೆನ್ನಾಗಿದ್ದರೂ ಸಂಜೆಗೆ ಗಂಟೆ ಹೊಡೆಯುತ್ತದೆ. ಆಮೇಲೆ ಮಗು ಹೋಗುವುದು ಎಲ್ಲಿಗೆ? ಅಜ್ಜಿಯ ಮನೆಗೆ. ಅಲ್ಲಿ ಚಾವಣಿ ಸೋರುತ್ತಿದ್ದರೆ ಪುಸ್ತಕ ನೆನೆಯುತ್ತದೆ. ಅಜ್ಜಿ ಕಾಯಿಲೆ ಬಿದ್ದು ಮಲಗಿದರೆ ದೊಡ್ಡ ಹುಡುಗಿ ಶಾಲೆ ಬಿಟ್ಟು ಅವಳನ್ನು ನೋಡಿಕೊಳ್ಳಬೇಕು.

ನೀವು ಕೇಳಿದ ನೀರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಅಲ್ಲಿ ಮನೆಗಳಿರುವುದು ಗುಡ್ಡದ ಮೇಲೆ, ನೀರಿರುವುದು ತಗ್ಗಿನಲ್ಲಿ. ನೀರು ತರುವ ಕೆಲಸ ಮಕ್ಕಳದು. ಉಗಾಂಡಾದಲ್ಲಿ ಎಲ್ಲಿ ನೋಡಿದರೂ ಒಂದು ಹಳದಿ ಪ್ಲಾಸ್ಟಿಕ್ ಕ್ಯಾನು ಕಾಣುತ್ತದೆ. ಮೊದಲು ಅಡುಗೆ ಎಣ್ಣೆ ಬಂದಿದ್ದ ಕ್ಯಾನು, ಆಮೇಲೆ ನೀರಿನ ಕೊಡ. ತುಂಬಿದರೆ 20 ಲೀಟರ್, ಅಂದರೆ 20 ಕೆಜಿ. ಎಂಟು ಹತ್ತು ವರ್ಷದ ಮಗುವಿಗೆ ಪೂರ್ತಿ ತುಂಬಿದ ಕ್ಯಾನು ಎತ್ತಲು ಆಗದು. ಅರ್ಧ ತುಂಬಿ ತಲೆಮೇಲೆ ಇಟ್ಟುಕೊಂಡು ಏರು ಹತ್ತಬೇಕು, ಮತ್ತೆ ಇಳಿಯಬೇಕು. ಅದು ಮುಗಿದ ಮೇಲೆ ಶಾಲೆ. ಈಗ ಅದೇ ಮನೆಗೆ ತಗಡಿನ ಚಾವಣಿ ಹಾಕಿ, ಅಂಚಿಗೆ ದೋಣಿ ಕಟ್ಟಿ, ಮಳೆ ನೀರು ಬಂದು ಬೀಳಲು ಒಂದು ಟ್ಯಾಂಕ್ ಇಟ್ಟರೆ? ಆ ಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಗು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಶಾಲೆ ಸೇರುತ್ತದೆ, ತರಗತಿಯಲ್ಲಿ ತೂಕಡಿಸುವುದಿಲ್ಲ. ಟ್ಯಾಂಕಿನ ದುಡ್ಡನ್ನು ಅಜ್ಜಿ ಖಾತೆಗೆ ಬರೆಯುತ್ತೀರೋ ಮಗುವಿನ ಖಾತೆಗೆ ಬರೆಯುತ್ತೀರೋ ನೀವೇ ಹೇಳಿ.

ಅಡುಗೆಮನೆಯದೂ ಅದೇ ಕಥೆ. ಮೂರು ಕಲ್ಲಿನ ಒಲೆ, ಕಿಟಕಿ ಇಲ್ಲದ ಕೋಣೆ, ಹೊಗೆ ಕುಡಿಯುತ್ತಾ ಅಜ್ಜಿಯ ಪಕ್ಕದಲ್ಲೇ ಕೂತ ಮಗು. ಹೊಗೆ ಹೊರಗೆ ಹೋಗುವ ಒಲೆ ಕಟ್ಟಿಕೊಟ್ಟರೆ ಕೆಮ್ಮು ಕಡಿಮೆ, ಸೌದೆಯೂ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಅಸ್ತ್ರ ಒಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನ್ಯಾಕದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಈ ವರ್ಷ ಯಾರಿಗೆ ಮನೆ, ಯಾರಿಗೆ ಕಕ್ಕಸು, ಯಾರಿಗೆ ಸಾಲ ಅಂತ ತೀರ್ಮಾನ ಮಾಡುವವರು ಅಜ್ಜಿಯರೇ. ಹಳ್ಳಿ ಹಳ್ಳಿಯಲ್ಲಿ ಅವರ ಗುಂಪಿದೆ, ಮುಖಂಡರನ್ನು ಅವರೇ ಆರಿಸುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಕೂತವರಿಗೆ ಇದರ ಒಳಹೊರಗು ಗೊತ್ತಿರುತ್ತದೆ. ಯಾರ ಮನೆ ನಿಜಕ್ಕೂ ಬೀಳುವ ಹಾಗಿದೆ, ಯಾರು ಸುಮ್ನೆ ಅಳುತ್ತಾರೆ ಅನ್ನುವುದು ಆಫೀಸಿನವರಿಗಿಂತ ಪಕ್ಕದ ಮನೆಯವಳಿಗೆ ಚೆನ್ನಾಗಿ ಗೊತ್ತು. ಕನುಂಗು ಮತ್ತು ಪಕ್ಕದ ರುಕುಂಗಿರಿ ಜಿಲ್ಲೆಗಳಲ್ಲಿ ಇಂಥ ಗುಂಪುಗಳಲ್ಲಿ ಸಾವಿರಾರು ಅಜ್ಜಿಯರಿದ್ದಾರೆ. ಒಂದು ಶಾಲೆಯಿಂದ ಶುರುವಾದದ್ದು ಇವತ್ತು ಅಷ್ಟೇನೂ ಚಿಕ್ಕದಾಗಿ ಉಳಿದಿಲ್ಲ. ಅಂದಹಾಗೆ, ಕಂಪಾಲ ಕಡೆಯ ಲುಗಾಂಡ ಮಾತಲ್ಲಿ ಅಜ್ಜ ಅಜ್ಜಿ ಇಬ್ಬರನ್ನೂ 'ಜಜ್ಜಾ' ಅಂತ ಕರೆಯುತ್ತಾರೆ. ನಮ್ಮ ಮಾತಿನ ಹಾಗೇ ಕೇಳಿಸುತ್ತದೆ, ಅಲ್ವಾ? ಸಂಬಂಧ ಏನೂ ಇಲ್ಲ, ಕಿವಿಗೆ ಹಿತವಾಗಿದೆ ಅಂತ ಹೇಳಿದೆ.

ಇನ್ನು ಅನಾಥಾಶ್ರಮ. ಮೊದಲು ಖರ್ಚು ನೋಡಿ. ಉಗಾಂಡಾ ಗಡಿಯ ದಕ್ಷಿಣಕ್ಕೆ, ಟಾಂಜಾನಿಯಾದ ಕಗೇರಾದಲ್ಲಿ ತೊಂಬತ್ತರ ದಶಕದಲ್ಲೇ ವಿಶ್ವಬ್ಯಾಂಕ್ ಲೆಕ್ಕ ಹಾಕಿತ್ತು. ಒಂದು ಮಗುವನ್ನು ಆಶ್ರಮದಲ್ಲಿ ಸಾಕಲು ವರ್ಷಕ್ಕೆ 1,000 ಡಾಲರಿಗೂ ಮೇಲೆ. ಒಂದು ಮನೆಯಲ್ಲಿ ಸಾಕಲು ನೆರವು ಕೊಡುವುದಕ್ಕಿಂತ ಅದು ಸುಮಾರು ಆರು ಪಟ್ಟು. ಕಟ್ಟಡ, ಅಡುಗೆಯವರು, ಕಾವಲುಗಾರ, ವಾರ್ಡನ್, ವ್ಯಾನು, ಎಲ್ಲಕ್ಕೂ ದುಡ್ಡು ಬೇಕಲ್ಲ. ಅಜ್ಜಿಗೆ ಸಂಬಳ ಇಲ್ಲ.

ಖರ್ಚಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಬಡ ಹಳ್ಳಿಯಲ್ಲಿ ಮೂರು ಹೊತ್ತು ಊಟ, ಇಂಗ್ಲಿಷ್ ಪಾಠ ಕೊಡುವ ಆಶ್ರಮ ಎದ್ದರೆ ಅಪ್ಪ ಅಮ್ಮ ಇರುವವರೂ ಮಕ್ಕಳನ್ನು ತಂದು ಬಿಡುತ್ತಾರೆ. ತಪ್ಪು ಅವರದಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಕೊನೆಗೆ ಹಾಸಿಗೆ ತುಂಬುವುದು ಬಡತನದಿಂದ. ಆ ಮಗುವಿಗೆ ಬೇಕಿದ್ದದ್ದು ಮನೆಯಲ್ಲೇ ಎರಡು ಹೊತ್ತಿನ ಊಟ, ಅಷ್ಟೇ. ಕೆಲವು ಕಡೆ ಇದು ವ್ಯಾಪಾರವೇ ಆಗಿದೆ. ಸಫಾರಿಗೆ ಬಂದವರನ್ನು ಒಂದು ಮಧ್ಯಾಹ್ನ ಆಶ್ರಮಕ್ಕೆ ಕರೆತಂದು, ಮಕ್ಕಳ ಕೈಲಿ ಹಾಡಿಸಿ, ಫೋಟೋ ತೆಗೆಸಿ, ಡಬ್ಬಿ ಮುಂದಿಡುತ್ತಾರೆ. ದಯವಿಟ್ಟು ಅಂಥ ಕಡೆ ಹೋಗಬೇಡಿ. ವಾರಕ್ಕೊಬ್ಬರು ಬಂದು ಎತ್ತಿ ಮುದ್ದಾಡಿ ಹೋಗುವುದರಿಂದ ಮಕ್ಕಳಿಗೆ ಕೆಡುಕೇ ಜಾಸ್ತಿ. ಪ್ರವಾಸಿಗರು ಆಶ್ರಮಗಳಲ್ಲಿ ಮಾಡುವ ಸ್ವಯಂಸೇವೆ ಮಕ್ಕಳ ಸಾಗಣೆಗೆ, ಶೋಷಣೆಗೆ ದಾರಿಯಾಗಬಹುದು ಅಂತ 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಠರಾವಿನಲ್ಲೂ ಎಚ್ಚರಿಸಲಾಗಿದೆ. ರುವಾಂಡಾ 2012ರಿಂದ ತನ್ನ ಅನಾಥಾಶ್ರಮಗಳನ್ನು ಮುಚ್ಚಿ ಮಕ್ಕಳನ್ನು ಮನೆಗಳಿಗೆ ಸೇರಿಸುತ್ತಾ ಬಂದಿದೆ. ಕೀನ್ಯಾ 2017ರಲ್ಲಿ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು.

ಹಾಗಂತ ಅಜ್ಜಿ ಮನೆ ಅಂದರೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸಂಬಂಧಿಕರ ಮನೆಯಲ್ಲಿ ಚಾಕರಿ ಮಾಡಿ ಬೆಳೆಯುವ ಮಕ್ಕಳಿದ್ದಾರೆ. ಅಪ್ಪ ಸತ್ತ ಮೇಲೆ ಜಮೀನು ನುಂಗುವ ದೊಡ್ಡಪ್ಪಂದಿರು ಅಲ್ಲೂ ಇದ್ದಾರೆ. ಹೊಡೆತ ತಿಂದ, ಬೀದಿಗೆ ಬಿದ್ದ ಮಗುವಿಗೆ ಕೆಲವು ದಿನ ಆಸರೆಗೆ ಒಂದು ಸೂರು ಬೇಕೇ ಬೇಕು. ಮತ್ತೆ ಅಜ್ಜಿಗೂ ವಯಸ್ಸಾಗುತ್ತದೆ. ಮಗುವಿಗೆ ಹನ್ನೆರಡು ಆಗುವಷ್ಟರಲ್ಲಿ ಅವಳೇ ಹೋದರೆ? ಗುಂಪಿನ ಬೇರೆ ಅಜ್ಜಿಯರು ಆಗ ಕೈಹಿಡಿಯಬಹುದು, ಆದರೆ ಅವರ ಮನೆಯಲ್ಲೂ ಐದಾರು ಮಕ್ಕಳಿರುತ್ತವೆ. ಉಗಾಂಡಾ ಸರ್ಕಾರ ವೃದ್ಧರಿಗೆ ತಿಂಗಳಿಗೆ 25,000 ಶಿಲ್ಲಿಂಗ್ ಪಿಂಚಣಿ ಕೊಡುತ್ತದೆ. ಕೇಳಲು ದೊಡ್ಡದು, ನಮ್ಮ ಲೆಕ್ಕದಲ್ಲಿ ಆರುನೂರು ರೂಪಾಯಿ ಆಸುಪಾಸು. ಅದೂ ಹೆಚ್ಚಿನ ಕಡೆ 80 ತುಂಬಿದ ಮೇಲೆ. ಅರವತ್ತೆರಡರ ಅಜ್ಜಿ ಇನ್ನೂ ಹದಿನೆಂಟು ವರ್ಷ ಕಾಯಬೇಕು. ಅಷ್ಟರಲ್ಲಿ ಮೊಮ್ಮಕ್ಕಳೇ ದೊಡ್ಡವರಾಗಿರುತ್ತಾರೆ. ನ್ಯಾಕದಂಥ ಸಂಸ್ಥೆ ಈ ಸಂದಿ ಮುಚ್ಚುತ್ತದೆ, ತಾನು ಕೆಲಸ ಮಾಡುವ ಕಡೆ ಮಾತ್ರ.

ನೀವು ನೋಡಿದ ಸಂಸ್ಥೆ ಯಾವುದೋ ನನಗೆ ಗೊತ್ತಿಲ್ಲ, ಅದರ ಪರ ಜಾಮೀನು ನಿಲ್ಲುವುದೂ ಇಲ್ಲ. ದುಡ್ಡು ಕೊಡುವ ಮೊದಲು ಅವರಿಗೆ ಒಂದು ಪತ್ರ ಬರೆಯಿರಿ. ಮಗು ರಾತ್ರಿ ಎಲ್ಲಿ ಮಲಗುತ್ತದೆ ಅಂತ ಕೇಳಿ. ಟ್ಯಾಂಕ್ ಯಾರಿಗೆ ಅಂತ ಯಾರು ತೀರ್ಮಾನಿಸಿದರು ಅಂತ ಕೇಳಿ. ಎರಡು ವರ್ಷದ ಹಿಂದೆ ಕೊಟ್ಟ ಸಾಲ ಎಷ್ಟು ವಾಪಸ್ ಬಂತು ಅಂತಲೂ ಕೇಳಿ. ಚಿಕ್ಕ ಸಂಸ್ಥೆಗಳಲ್ಲಿ ಇದಕ್ಕೆ ಉತ್ತರ ಕೊಡುವವರು ಆ ಹಳ್ಳಿಗೆ ಹೋಗಿ ಬಂದವರೇ ಆಗಿರುತ್ತಾರೆ, ಎರಡು ಸಾಲಲ್ಲಿ ಗೊತ್ತಾಗಿಬಿಡುತ್ತದೆ. ಉತ್ತರದ ಬದಲು ಕಣ್ಣೀರಿಡುವ ಮಗುವಿನ ಫೋಟೋ ಬಂದರೆ ಅಲ್ಲಿಗೇ ಬಿಡಿ. ದುಡ್ಡನ್ನು ಬ್ಯಾಂಕ್ ಮೂಲಕವೇ, ಉಡುಗೊರೆ ಅಥವಾ ದೇಣಿಗೆ ಅಂತ ಕಾರಣ ಬರೆದು ಕಳಿಸಬಹುದು. ವಿದೇಶದ ಸಂಸ್ಥೆಗೆ ನೇರವಾಗಿ ಕೊಟ್ಟ ದುಡ್ಡಿಗೆ ಇಲ್ಲಿ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಹಳೇ ಬಟ್ಟೆ ಕಳಿಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಬೇಡ. ಕಂಪಾಲದ ಓವಿನೋ ಮಾರ್ಕೆಟ್‌ನಲ್ಲಿ ಅದರದೇ ರಾಶಿ ಬಿದ್ದಿದೆ. ಆ ಪಾರ್ಸಲ್‌ನ ಖರ್ಚನ್ನು ಟ್ಯಾಂಕಿನ ಲೆಕ್ಕಕ್ಕೆ ಹಾಕಿ.