ಎಂಬಾಕ್ಸ್: ಸಾವಿರಾರು ಮೇಲ್, ಒಂದೇ ಫೈಲ್

ಗೂಗಲ್ ಟೇಕ್‌ಔಟ್‌ಗೆ ಹೋಗಿ ಜಿಮೇಲ್‌ನಲ್ಲಿರುವ ಮೇಲ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಕೈಗೆ ಸಿಗುವುದು ಎಂಬಾಕ್ಸ್ ಎನ್ನುವ ಬಗೆಯ ಫೈಲ್. ಹತ್ತು ವರ್ಷದ ಮೇಲ್‌ಗಳೂ ಒಂದೇ ಫೈಲ್‌ನಲ್ಲಿ ಒಂದರ ಕೆಳಗೆ ಒಂದು ಬಂದು ಕೂತಿರುತ್ತವೆ.

ಇದು 1970ರ ದಶಕದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ ಬಂದ ಪದ್ಧತಿ. ಒಬ್ಬ ಬಳಕೆದಾರನಿಗೆ ಒಂದು ಅಂಚೆಡಬ್ಬಿ, ಅಂದರೆ ಒಂದು ಫೈಲ್. ಹೊಸ ಮೇಲ್ ಬಂದರೆ ಅದನ್ನು ಫೈಲ್‌ನ ಕೊನೆಗೆ ಅಂಟಿಸುವುದು, ಅಷ್ಟೇ. ಒಳಗಿರುವುದು ಬರೀ ಅಕ್ಷರಗಳು. ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್‌ನಲ್ಲಿ ‘ಲೆಸ್’ ಎಂಬ ಕಮಾಂಡ್ ಕೊಟ್ಟು ತೆರೆದರೆ ಸುಮ್ನೆ ಓದುತ್ತಾ ಹೋಗಬಹುದು. ಅಕ್ಷರಗಳಾಗಿರುವುದರಿಂದಲೇ ಶೆಲ್ ಸ್ಕ್ರಿಪ್ಟ್‌ಗೆ, ಅಂದರೆ ಸಾಲಾಗಿ ಬರೆದಿಟ್ಟ ಕಮಾಂಡ್‌ಗಳಿಗೆ, ಇಲ್ಲಿ ಕೆಲಸ ಮಾಡುವುದು ಸುಲಭ.

ಒಂದು ಮೇಲ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದು ಹೇಗೆ? ಪ್ರತಿ ಮೇಲ್‌ನ ಮೊದಲ ಸಾಲು ‘ಫ್ರಮ್’ ಎಂಬ ಪದ, ಅದರ ಪಕ್ಕ ಒಂದು ಖಾಲಿ ಜಾಗ, ಆಮೇಲೆ ಒಂದು ವಿಳಾಸ ಮತ್ತು ತಾರೀಕು. ಹೊಲಕ್ಕೆ ಬದು ಇದ್ದಂತೆ ಈ ಸಾಲು. ಇದರ ಕೆಳಗೆ ಇನ್ನೊಂದು ‘ಫ್ರಮ್’ ಬರುತ್ತದೆ, ಅದರ ಪಕ್ಕ ಕೋಲನ್ ಇರುತ್ತದೆ. ಅದು ಮೇಲ್ ಕಳಿಸಿದವರ ಹೆಸರಿನ ಸಾಲು. ಈ ಎರಡನ್ನೂ ಗೊಂದಲ ಮಾಡಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಯಾರೋ ಮೇಲ್‌ನ ಒಳಗೇ ‘ಫ್ರಮ್’ ಎಂದು ಸಾಲು ಶುರು ಮಾಡಿದ್ದರೆ? ಅದನ್ನೂ ಬದು ಎಂದುಕೊಳ್ಳಬಾರದಲ್ಲವಾ? ಅದಕ್ಕೆ ಆ ಸಾಲಿನ ಮುಂದೆ ‘>’ ಗುರುತು ಹಾಕುತ್ತಾರೆ.

ಇಷ್ಟು ತಿಳಿದರೆ ಕೆಲಸ ಶುರು ಮಾಡಬಹುದು. ಯಾರಿಂದ ಜಾಸ್ತಿ ಮೇಲ್ ಬಂದಿದೆ ಎಂದು ನೋಡಬೇಕೇ? ಪದ ಹುಡುಕುವ ‘ಗ್ರೆಪ್’ ಕಮಾಂಡ್ ಹಾಕಿ ಕೋಲನ್ ಇರುವ ಫ್ರಮ್ ಸಾಲುಗಳನ್ನು ಹೆಕ್ಕಿ, ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟ್’ಗೆ ಕೊಟ್ಟು, ‘ಯೂನಿಕ್’ನಿಂದ ಎಣಿಸಿ, ಮತ್ತೆ ಸಾರ್ಟ್ ಮಾಡಿ. ಮೊದಲ ಸಾರ್ಟ್ ಬಿಡಬೇಡಿ. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಫಾರ್ವರ್ಡ್ ಆದ ಮೇಲ್‌ಗಳ ಒಳಗೂ ಇಂಥ ಸಾಲು ಇರಬಹುದು, ಆದ್ದರಿಂದ ಈ ಎಣಿಕೆ ಅಂದಾಜಿಗೆ ಮಾತ್ರ.

ನಿಜವಾಗಿ ಬಿಡಿಸಿಡಲು ‘ಫಾರ್‌ಮೇಲ್’ ಬೇಕು. ಪ್ರಾಕ್‌ಮೇಲ್ ಎಂಬ ಹಳೆಯ ತಂತ್ರಾಂಶದ ಜೊತೆ ಬರುವ ಪುಟ್ಟ ಕಮಾಂಡ್ ಇದು. ಎಂಬಾಕ್ಸನ್ನು ಬದುಗಳಲ್ಲಿ ಕತ್ತರಿಸಿ, ಒಂದೊಂದೇ ಮೇಲನ್ನು ನಿಮ್ಮ ಸ್ಕ್ರಿಪ್ಟ್‌ನ ಕೈಗೆ ಕೊಡುತ್ತದೆ. ಉದ್ದದ ವಿಷಯದ ಸಾಲು (ಸಬ್ಜೆಕ್ಟ್) ಎರಡು ಮೂರು ಸಾಲಾಗಿ ಮುರಿದಿದ್ದರೆ ಅದನ್ನೂ ಜೋಡಿಸಿಕೊಡುತ್ತದೆ.

ನನಗೆ ತೊಡಕಾಗಿದ್ದು ಕನ್ನಡದಲ್ಲಿ. ಅಕ್ಕ ಊರಲ್ಲಿ ಮನೆ ಕಟ್ಟಿಸುವಾಗ ನನಗೆ ತುಂಬ ಮೇಲ್ ಬರೆದಿದ್ದಳು. ಮರದ ಲೆಕ್ಕ, ಮೇಸ್ತ್ರಿಯ ಜೊತೆಗಿನ ಮಾತು, ಅಪ್ಪನ ಸಲಹೆ, ಎಲ್ಲ ಇತ್ತು. ಅವನ್ನು ಬೇರೆ ತೆಗೆದಿಡಬೇಕಿತ್ತು. ವಿಷಯದ ಸಾಲುಗಳಲ್ಲಿ ‘ಮನೆ’ ಹುಡುಕಲು ಗ್ರೆಪ್ ಕೊಟ್ಟೆ. ಒಂದೂ ಸಿಗಲಿಲ್ಲ.

ಕಾರಣ ಇದು. ಮೇಲ್‌ನ ತಲೆಸಾಲುಗಳಲ್ಲಿ, ಅಂದರೆ ಕಳಿಸಿದವರ ಹೆಸರು, ವಿಷಯ ಇತ್ಯಾದಿ ಇರುವ ಸಾಲುಗಳಲ್ಲಿ, ಮೊದಲಿನಿಂದ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ ಜಾಗ. ಬೇರೆ ಭಾಷೆಗಳಿಗಾಗಿ 1992ರಲ್ಲಿ ಒಂದು ನಿಯಮ ಬಂತು: ಆ ಅಕ್ಷರಗಳನ್ನು ಬೇಸ್64 ಎಂಬ ವೇಷದಲ್ಲಿ ಕಳಿಸಬಹುದು. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್. ಬೇಸ್64 ಪ್ರತಿ 3 ಬೈಟನ್ನು 4 ಅಕ್ಷರ ಮಾಡುತ್ತದೆ. ಹಾಗಾಗಿ ‘ಮನೆ’ಯಲ್ಲಿರುವ ಮ, ನ ಮತ್ತು ಎತ್ವ ಸೇರಿ ಫೈಲ್‌ನಲ್ಲಿ 12 ಅಕ್ಷರದ ಸರವಾಗಿರುತ್ತವೆ. ಗ್ರೆಪ್‌ಗೆ ಅಲ್ಲಿ ಮನೆ ಕಾಣುವುದಾದರೂ ಹೇಗೆ?

ಆ ಸರಗಳನ್ನು ನೋಡುತ್ತಾ ಕೂತಾಗ ಒಂದು ಚೆಂದದ ವಿಷಯ ಕಂಡಿತು. ಕನ್ನಡದಿಂದ ಶುರುವಾಗುವ ವಿಷಯದ ಸಾಲುಗಳಲ್ಲೆಲ್ಲ 4, ಎಲ್, ಕೆ ಅಥವಾ 4, ಎಲ್, ಓ ಮತ್ತೆ ಮತ್ತೆ ಬರುತ್ತಿತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟ ಜಾಗದ ಗುರುತೇ ಅದು. ತೆಲುಗಿಗೆ ಆ ಮೂರನೆಯ ಅಕ್ಷರ ಬೇರೆ, ಮಲಯಾಳಕ್ಕೆ ಇನ್ನೂ ಬೇರೆ. ಅಂದರೆ ಏನನ್ನೂ ಬಿಡಿಸದೆ, ಬರೀ ಗ್ರೆಪ್‌ನಿಂದಲೇ ಕನ್ನಡ ಮೇಲ್‌ಗಳನ್ನು ಸುಮಾರಾಗಿ ಹೆಕ್ಕಬಹುದು! ನನಗೆ ಆ ದಿನ ಎಷ್ಟು ಖುಷಿಯಾಯಿತೆಂದರೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಆದರೆ ನಡುವೆ ಒಂದು ಖಾಲಿ ಜಾಗ ಬಂದರೂ ಬೈಟ್‌ಗಳ ಗುಂಪು ಸರಿದು, ಅದೇ ಪದ ಬೇರೆ ಸರವಾಗಿಬಿಡುತ್ತದೆ. ಉತ್ತರದ ಮೇಲ್‌ನ ‘ರೀ’ ಮುಂದೆ ಸೇರಿಕೊಂಡರೂ ಹಾಗೇ. ಆದ್ದರಿಂದ ಪದ ಹುಡುಕಬೇಕೆಂದರೆ ವೇಷ ಕಳಚಲೇಬೇಕು. ಪರ್ಲ್ ಭಾಷೆಯ ‘ಎನ್‌ಕೋಡ್’ ಮಾಡ್ಯೂಲ್ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ.

ಕೊನೆಗೆ ನನ್ನ ಸ್ಕ್ರಿಪ್ಟ್ ಹತ್ತು ಸಾಲಿನದಾಯಿತು. ಫಾರ್‌ಮೇಲ್ ಒಂದು ಮೇಲ್ ಕೊಡುತ್ತದೆ. ಸ್ಕ್ರಿಪ್ಟ್ ಅದರ ವಿಷಯದ ಸಾಲನ್ನು ಎತ್ತಿ ಪರ್ಲ್‌ಗೆ ಕೊಡುತ್ತದೆ, ಬಿಡಿಸಿ ಬಂದದ್ದರಲ್ಲಿ ‘ಮನೆ’ ಇದೆಯೇ ಎಂದು ಗ್ರೆಪ್ ನೋಡುತ್ತದೆ. ಇದ್ದರೆ ಆ ಮೇಲನ್ನು, ಬದುವಿನ ಸಾಲಿನ ಸಮೇತ, ಹೊಸ ಫೈಲ್‌ನ ಕೊನೆಗೆ ಅಂಟಿಸುತ್ತದೆ. ಹಾಗೆ ಅಂಟಿಸುತ್ತಾ ಹೋದ ಫೈಲ್ ಕೂಡ ಎಂಬಾಕ್ಸೇ. ಅದನ್ನು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದ ಲೋಕಲ್ ಫೋಲ್ಡರ್‌ಗಳ ಜಾಗದಲ್ಲಿಟ್ಟು ತೆರೆದೆ. ಪಾಯ ತೋಡಿದ ದಿನದ ಮೇಲ್ ಮೊದಲು ಬಂತು, ಗೃಹಪ್ರವೇಶದ್ದು ಕೊನೆಗೆ.