ಆಷಾಢದ ಎರಡು ಸಾವಿರ

ಮೇ ತಿಂಗಳು ಮುಗಿಯುತ್ತಿದ್ದಂತೆ ಉತ್ತರ ಕನ್ನಡದ ತದಡಿ ಬಂದರಿಗೆ ಬೋಟುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು; ನಿಷೇಧ ಬೇಕಾದದ್ದೇ. ಆದರೆ ಬೋಟು ನಿಂತ ದಿನವೇ ಕುಮಟಾ, ಅಂಕೋಲಾ, ಹೊನ್ನಾವರದ ಕೇರಿಗಳಲ್ಲಿ ಎಷ್ಟೋ ಜನರ ಸಂಪಾದನೆಯೂ ನಿಲ್ಲುತ್ತದೆ. ಬಲೆ ಎಳೆಯುವವರದು, ಐಸ್ ಹೊರುವವರದು, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರದು.

ಖರ್ಚು ಮಾತ್ರ ನಿಲ್ಲುವುದಿಲ್ಲ. ನಿಲ್ಲುವುದಿರಲಿ, ವರ್ಷದ ದೊಡ್ಡ ಖರ್ಚುಗಳೆಲ್ಲ ಅದೇ ಹೊತ್ತಿಗೆ ಬಂದು ಜಗಲಿಯಲ್ಲಿ ಕೂರುತ್ತವೆ. ಶಾಲೆ ಶುರುವಾಗಿರುತ್ತದೆ, ಮಕ್ಕಳಿಗೆ ಪಟ್ಟಿ, ಕೊಡೆ, ಚಪ್ಪಲಿ ಬೇಕು. ಮಾಡು ಸೋರುವ ಮೊದಲು ರಿಪೇರಿಯಾಗಬೇಕು. ಮಳೆ ಹಿಡಿದ ಮೇಲೆ ಜ್ವರ, ಕೆಮ್ಮು ಇದ್ದದ್ದೇ. ಬಡತನವನ್ನು ವರ್ಷದ ಸರಾಸರಿಯಲ್ಲಿ ಅಳೆದರೆ ಈ ಎರಡು ತಿಂಗಳು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಬಡವರ ಕೈಗೆ ನೇರವಾಗಿ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬ ಚರ್ಚೆಯಲ್ಲಿ ‘ಎಷ್ಟು’ ಎಂಬುದರ ಜೊತೆಗೇ ‘ಯಾವಾಗ’ ಎಂದೂ ಕೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ.

ನಮ್ಮ ಕೇರಿಯಲ್ಲಿ ಮೀನು ಮಾರುವ ಅಕ್ಕ ಒಬ್ಬಳಿದ್ದಾಳೆ. ಹೋದ ಆಷಾಢದಲ್ಲಿ ಒಂದು ಸಂಜೆ ಸೆರಗಿನಡಿ ಫೋನು ಮುಚ್ಚಿಕೊಂಡು ಮಳೆಯಲ್ಲೇ ಬಂದಳು. “ತಂಗಿ, ಮೆಸೇಜು ಬಂದದ್ಯಾ ನೋಡು.” ಬಂದಿತ್ತು. ಖಾತೆಗೆ ಗೃಹಲಕ್ಷ್ಮಿಯ 2,000 ಜಮಾ. ಮರುದಿನ ಬ್ಯಾಂಕಿನಿಂದ ಬಂದವಳು ನಮ್ಮ ಜಗಲಿಯಲ್ಲೇ ಕುಳಿತು ದುಡ್ಡನ್ನು ಪಾಲು ಹಾಕಿದಳು. ಅಂಗಡಿಯ ಉದ್ರಿಗೆ 1,100. ಸಂಘದ ಕಂತಿಗೆ 450. ಮಗಳ ಕೊಡೆಗೆ 280. ಉಳಿದ 170 ಮಡಚಿ ಸೊಂಟದ ಚೀಲಕ್ಕೆ ಹೋಯಿತು, ಮನೆಗೆ ಹೋದ ಮೇಲೆ ಅಕ್ಕಿ ಡಬ್ಬಿಯೊಳಗೆ. ಐದು ನಿಮಿಷವೂ ಹಿಡಿಯಲಿಲ್ಲ. ವಾರಗಟ್ಟಲೆ ತಲೆಯಲ್ಲಿ ತಿರುಗಿದ ಲೆಕ್ಕ ಅದು.

ಉದ್ರಿ ತೀರಿಸುವುದನ್ನು ಹೊರಗಿನವರು ಸಣ್ಣ ಸಂಗತಿ ಎಂದುಕೊಳ್ಳುತ್ತಾರೆ. ಉದ್ರಿ ಇರುವವರು ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ, ರೇಟು ಕೇಳುವಂತಿಲ್ಲ, ಕೊಟ್ಟ ಬೇಳೆ ಹುಳ ಹಿಡಿದಿದ್ದರೂ ಮಾತಾಡುವಂತಿಲ್ಲ. ಅಂಗಡಿಯವರು ಕೈಚೆಲ್ಲಿದರೆ ಕಿವಿಯ ಓಲೆ ಒತ್ತೆಗೆ ಹೋಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೂ ವರ್ಷಕ್ಕೆ 36 ಆಯಿತು. ಇಂಥ ಹೊತ್ತಿನಲ್ಲಿ ಬಂದ 2,000 ಆ ಓಲೆಯನ್ನು ಕಿವಿಯಲ್ಲೇ ಉಳಿಸುತ್ತದೆ. ಮೀನು ಯಥೇಚ್ಛ ಸಿಗುವ ನವೆಂಬರಿನಲ್ಲಿ ಬಂದ ಅಷ್ಟೇ ದುಡ್ಡಿಗೆ ಈ ಕೆಲಸವೇ ಇರುವುದಿಲ್ಲ.

ಕೈ ಬರಿದಾದಾಗ ತಲೆಯ ಮೇಲೂ ಭಾರ ಬೀಳುತ್ತದೆ ಎಂಬುದನ್ನು ಒಡಿಶಾದಲ್ಲಿ ನಡೆದ ಒಂದು ಪ್ರಯೋಗ ಬಹಳ ಚೆನ್ನಾಗಿ ತೋರಿಸಿದೆ. ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಂಗಡಿಗರು ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ 408 ಮಂದಿ ಕೂಲಿಗಾರರಿಗೆ ಎರಡು ವಾರ ಕೆಲಸ ಕೊಟ್ಟರು. ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿ ಪತ್ರಾವಳಿ ಮಾಡುವ ಕೆಲಸ. ಎಷ್ಟು ಮಾಡಿದರೆ ಅಷ್ಟು ಕೂಲಿ. ಎಲ್ಲರಿಗೂ ಸಿಗುವ ಒಟ್ಟು ಕೂಲಿಯ ಲೆಕ್ಕ ಒಂದೇ, ಕೆಲವರಿಗೆ ಮಾತ್ರ ದುಡಿದದ್ದರಲ್ಲಿ ದೊಡ್ಡ ಪಾಲನ್ನು ಕೆಲವು ದಿನ ಮೊದಲೇ ಕೊಟ್ಟರು. ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಮೊದಲೇ ದುಡ್ಡು ಸಿಕ್ಕವರು ಹೋಗಿ ಸಾಲ ತೀರಿಸಿದರು, ಮನೆಗೆ ಬೇಕಾದದ್ದು ತಂದರು. ಮರಳಿ ಬಂದು ಕೂತವರ ಕೆಲಸ ಸರಾಸರಿ ಸುಮಾರು 7% ಹೆಚ್ಚಿತು. ಹೆಚ್ಚು ಬಡವರಲ್ಲಿ ಈ ಏರಿಕೆ ಇನ್ನೂ ದೊಡ್ಡದು.

ಪತ್ರಾವಳಿ ಕಟ್ಟಿದವರಿಗೆ ಗೊತ್ತು, ಕಡ್ಡಿ ಒಮ್ಮೆ ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ತೂತು ಬೀಳುತ್ತದೆ. ಸಂಶೋಧಕರು ಎಣಿಸಿದ್ದು ಅದನ್ನೇ: ಎರಡೆರಡು ತೂತು ಎಷ್ಟು, ಬೇಕಾದ್ದಕ್ಕಿಂತ ಹೆಚ್ಚು ಎಲೆ ಎಷ್ಟು, ಹೆಚ್ಚು ಹೊಲಿಗೆ ಎಷ್ಟು. ಕೂಲಿ ಕೈಗೆ ಬಂದವರಲ್ಲಿ ಇಂಥ ತಪ್ಪುಗಳು ಕಡಿಮೆಯಾದವು. ಅದೇ ಎಲೆ, ಅದೇ ಕಡ್ಡಿ, ಅದೇ ಬೆರಳು. ಮನಸ್ಸಿನ ಒಂದು ಮೂಲೆ ಸಾಲ ಕೊಟ್ಟವನ ಬಳಿ ಇರಲಿಲ್ಲ ಅಷ್ಟೆ. ಈ ಅಧ್ಯಯನ ಓದಿದಾಗ ನನಗೆ ನೆನಪಾದದ್ದು ನಮ್ಮಲ್ಲಿ ಬಡವರ ಬಗ್ಗೆ ಸುಲಭವಾಗಿ ಉದುರುವ ಮಾತು, “ಅವರಿಗೆ ಶ್ರದ್ಧೆಯಿಲ್ಲ.” (ಮುಲ್ಲೈನಾಥನ್ ಇದ್ದ ತಂಡ 2013ರಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಮಾಡಿದ ಹಳೆಯ ಅಧ್ಯಯನವೂ ಪ್ರಸಿದ್ಧ: ಕಟಾವಿನ ನಂತರ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅದೇ ರೈತರು ಹೆಚ್ಚು ಅಂಕ ಪಡೆದಿದ್ದರು. ಆದರೆ ಅಮೆರಿಕದಲ್ಲಿ ಸಂಬಳದ ಹಿಂದೆಮುಂದೆ ನಡೆಸಿದ ಇಂಥದೇ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಂಡಿಲ್ಲ. ಹಾಗಾಗಿ ಪತ್ರಾವಳಿಯ ಸಾಕ್ಷ್ಯವನ್ನೇ ನಾನು ಹೆಚ್ಚು ನಂಬುತ್ತೇನೆ.)

“ಕೊಟ್ಟರೆ ಸೆರೆ ಅಂಗಡಿಗೆ ಹೋಗ್ತದೆ” ಎಂಬ ಮಾತಿಗೂ ಉತ್ತರವಿದೆ. ಆಗ ವಿಶ್ವಬ್ಯಾಂಕಿನಲ್ಲಿದ್ದ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೋವಾ ಬೇರೆಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನಗದು ಸಿಕ್ಕವರು ಹೆಂಡ, ತಂಬಾಕಿಗೆ ಮಾಡುವ ಖರ್ಚು ಹೆಚ್ಚಿದ ಲಕ್ಷಣವಿಲ್ಲ. ಸೋಮಾರಿಗಳಾಗುತ್ತಾರೆಯೇ? ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಸರ್ಕಾರಿ ಯೋಜನೆಗಳ ಪ್ರಯೋಗಗಳನ್ನು ಪರಿಶೀಲಿಸಿ, ಜನ ಕೆಲಸ ಬಿಡುವುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ ಎಂದರು. ಇದರ ಮೇಲೆ ಹೆಚ್ಚು ವಾದ ಬೇಕಿಲ್ಲ.

ಕೀನ್ಯಾದ ಕತೆ ನಮ್ಮವರಿಗೆ ಹತ್ತಿರದ್ದು. ಅಲ್ಲಿನ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ನಗದು ಹಂಚಿದ ‘ಗಿವ್‌ಡೈರೆಕ್ಟ್ಲಿ’ ಸಂಸ್ಥೆ ಬಡವರನ್ನು ಗುರುತಿಸಿದ್ದು ಮನೆಯ ಮಾಡು ನೋಡಿ. ಹುಲ್ಲಿನ ಮಾಡಿದ್ದರೆ ದುಡ್ಡು. ಸೋಗೆ ಹೊದಿಸಿದ ಮನೆಯಲ್ಲಿ ಬೆಳೆದವರಿಗೆ ಈ ಅಳತೆಗೋಲು ವಿವರಿಸಬೇಕಿಲ್ಲ. ಸೋಗೆ ಮಾಡು ಕಟ್ಟುವಾಗ ಅಗ್ಗ, ಮಳೆಗಾಲಗಳು ಕಳೆದಂತೆ ಮತ್ತೆಮತ್ತೆ ಹೊಸ ಹೊದಿಕೆ ಕೇಳುತ್ತದೆ. ಶೀಟು ಒಮ್ಮೆಲೇ ದುಡ್ಡು ಕೇಳುತ್ತದೆ, ಆಮೇಲೆ ಸುಮ್ಮನಿರುತ್ತದೆ. ದುಡ್ಡು ಒಟ್ಟಿಗೆ ಕೈಗೆ ಬಂದಾಗ ಅಲ್ಲಿನ ಅನೇಕ ಕುಟುಂಬಗಳು ಮಾಡಿಗೆ ತಗಡು ಹೊದಿಸಿದವು. ಯೋಹಾನಸ್ ಹಾಸ್‌ಹೋಫರ್ ಮತ್ತು ಜೆರೆಮಿ ಶಪಿರೊ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಸಲ ಸಿಕ್ಕವರು ಬಾಳಿಕೆಯ ವಸ್ತು ಕೊಂಡರು, ತಿಂಗಳು ತಿಂಗಳು ಸಿಕ್ಕವರ ಮನೆಯಲ್ಲಿ ಊಟದ ಕೊರತೆ ಹೆಚ್ಚು ತಗ್ಗಿತು. ಎರಡೂ ಸರಿಯಾದ ಖರ್ಚೇ. ದುಡ್ಡು ಬರುವ ರೀತಿ ಬದಲಾದರೆ ಅದು ಮಾಡುವ ಕೆಲಸವೂ ಬದಲಾಗುತ್ತದೆ.

ಆಮೇಲೆ ಸಿಯಾಯಾ ಎಂಬ ಜಿಲ್ಲೆಯ 653 ಹಳ್ಳಿಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಒಂದೊಂದು ಬಡ ಕುಟುಂಬಕ್ಕೆ ಸುಮಾರು 1,000 ಡಾಲರ್. ಹಂಚಿದ ಒಂದೊಂದು ಡಾಲರಿಗೂ ಆ ಭಾಗದ ವ್ಯವಹಾರ ಸುಮಾರು ಎರಡೂವರೆ ಡಾಲರಿನಷ್ಟು ಬೆಳೆಯಿತು. ದುಡ್ಡು ಸಿಗದ ನೆರೆಮನೆಗಳಿಗೂ ಗಳಿಕೆ ಹೆಚ್ಚಿತು. ಬೆಲೆ ಏರಿದ್ದು ತೀರ ಅತ್ಯಲ್ಪ. ಇದು ಹೇಗೆ ಸಾಧ್ಯ ಎನ್ನುವವರು ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಪೇಟೆಗೆ ಬರಬೇಕು. ಟೇಲರು ಮಷಿನ್ ಮೇಲೆ ಬಟ್ಟೆ ಮುಚ್ಚಿ ಕೂತಿರುತ್ತಾನೆ. ರಿಕ್ಷಾ ಸಾಲು ಅಲುಗುವುದಿಲ್ಲ. ಚಾದಂಗಡಿಯಲ್ಲಿ ಬನ್ಸು ಹಾಗೇ ಉಳಿದಿರುತ್ತದೆ. ಇವರೆಲ್ಲ ದುಡಿಯಲು ತಯಾರಿದ್ದೂ ಗಿರಾಕಿಯಿಲ್ಲದೆ ಕೂತವರು. ಇಂಥಲ್ಲಿಗೆ ಬಂದ ದುಡ್ಡು ರೇಟು ಏರಿಸುವ ಮೊದಲು ಕೆಲಸ ಹುಟ್ಟಿಸುತ್ತದೆ.

ಅದೇ ಪ್ರಯೋಗದ ಕುಟುಂಬಗಳಲ್ಲಿ ಹುಟ್ಟಿದ ಮಕ್ಕಳ ಲೆಕ್ಕ 2025ರಲ್ಲಿ ಹೊರಬಂತು. ವರ್ಷ ತುಂಬದ ಶಿಶುಗಳ ಸಾವು ಸುಮಾರು ಅರ್ಧದಷ್ಟು ಇಳಿದಿತ್ತು. ನಾನು ಆ ಸಾಲನ್ನು ಮತ್ತೆ ಓದಿದೆ. ಅದರ ಒಳವಿವರವೂ ‘ಯಾವಾಗ’ ಎಂಬುದನ್ನೇ ಹೇಳುತ್ತದೆ: ಹೆಚ್ಚು ಜೀವ ಉಳಿದದ್ದು ಹೆರಿಗೆಯ ಆಸುಪಾಸಿನಲ್ಲಿ ದುಡ್ಡು ತಲುಪಿದ ಮನೆಗಳಲ್ಲಿ. ದಿನ ತುಂಬಿದ ಬಸುರಿಯರು ಗೇಯುವುದನ್ನು ಕಡಿಮೆ ಮಾಡಿದರು, ಆಸ್ಪತ್ರೆಯಲ್ಲಿ ಹೆತ್ತರು. ಆದರೆ ಫಲ ಹೆಚ್ಚು ಕಂಡದ್ದು ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದಲ್ಲಿ. ಖಾತೆಗೆ ಜಮೆಯಾದ ದುಡ್ಡು ವೈದ್ಯರನ್ನು ತಂದು ಕೂರಿಸಲಾರದು. ಗಂಭೀರ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡುವ ನಮ್ಮ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ ಹಳ್ಳ ದಾಟಿಯೇ ಬರಬೇಕಾದ ಜೊಯಿಡಾದ ಹಳ್ಳಿಗಳಲ್ಲಿ, ಈ ಮಾತು ನೋಯಿಸುತ್ತದೆ. ನಗದು ಕೊಟ್ಟಾಯಿತು ಎಂದು ಸೇತುವೆ, ಆಸ್ಪತ್ರೆಯ ಹೊಣೆಯಿಂದ ಯಾರೂ ಕೈ ತೊಳೆದುಕೊಳ್ಳಬಾರದು.

ಯಾರ ಕೈಗೆ ಎಂಬುದೂ ಮುಖ್ಯ. ದಕ್ಷಿಣ ಆಫ್ರಿಕಾದಲ್ಲಿ ವೃದ್ಧಾಪ್ಯ ಪಿಂಚಣಿ ಅಜ್ಜಿಗೆ ಬರುತ್ತಿದ್ದ ಮನೆಗಳಲ್ಲಿ ಮೊಮ್ಮಗಳಂದಿರ ಎತ್ತರ, ತೂಕ ಸುಧಾರಿಸಿತ್ತು. ಅಜ್ಜನಿಗೆ ಬರುತ್ತಿದ್ದಲ್ಲಿ ಹಾಗೆ ಕಾಣಲಿಲ್ಲ ಎಂದು ಎಸ್ತರ್ ಡುಫ್ಲೊ 2003ರಲ್ಲೇ ತೋರಿಸಿದ್ದರು. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ಎಂದದ್ದು ಈ ದೃಷ್ಟಿಯಿಂದ ಒಳ್ಳೆಯ ನಿರ್ಧಾರ.

ಮೀನುಗಾರರಿಗೆ ಇನ್ನೊಂದು ಹಳೆಯ ಏರ್ಪಾಡಿದೆ, ಉಳಿತಾಯ ಮತ್ತು ಪರಿಹಾರ ಯೋಜನೆ. ಮೀನು ಸಿಗುವ ತಿಂಗಳುಗಳಲ್ಲಿ ಮೀನುಗಾರರು 1,500 ಕಟ್ಟುತ್ತಾರೆ, ಸರ್ಕಾರದಿಂದ 3,000 ಸೇರುತ್ತದೆ, ಮೀನಿಲ್ಲದ ತಿಂಗಳುಗಳಿಗೆಂದು 4,500 ಮರಳಿ ಬರಬೇಕು. ಮೊತ್ತ ಸಣ್ಣದು. ಆದರೆ ಕಡಲಿನ ಲಯ ತಿಳಿದವರು ಮಾಡಿದ ಯೋಚನೆ ಅದು. ಆಷಾಢದಲ್ಲಿ ಕೊಡಬೇಕೆಂಬುದೇ ಅದರ ಜೀವ. ಅದು ಗಣೇಶ ಚೌತಿ ಕಳೆದು ಬಂದರೆ ಆ ಹೊತ್ತಿಗೆ ಓಲೆ ಒತ್ತೆಗೆ ಹೋಗಿಯಾಗಿರುತ್ತದೆ, ಬಂದ ದುಡ್ಡು ಬಡ್ಡಿಗೆ ಸೇರುತ್ತದೆ.

ಈ ಸಲ ಮಳೆ ಹಿಡಿದ ಮೇಲೆ ಅಕ್ಕ ಎರಡು ಸಲ ಬಂದು ಹೋದಳು. ಮೆಸೇಜು ಬಂದಿರಲಿಲ್ಲ. ಆಧಾರ್ ಲಿಂಕ್ ಸರಿಯಿದೆ ಎನ್ನುತ್ತಾರೆ, ಕೆವೈಸಿ ಆಗಿದೆ ಎನ್ನುತ್ತಾರೆ, ಮುಂದಿನ ವಾರ ನೋಡಿ ಎನ್ನುತ್ತಾರೆ. ಮೊನ್ನೆ ಒಣಮೀನು ಕೊಳ್ಳಲು ಅವಳ ಮನೆಗೆ ಹೋಗಿದ್ದೆ. ಒಲೆಯ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ಜುಲೈ ಹಾಳೆಯಲ್ಲಿ ಮಗಳು ಪೆನ್ಸಿಲಿನಿಂದ 5ಕ್ಕೆ ಒಂದು ಸುತ್ತು ಹಾಕಿದ್ದಳು, ಅದನ್ನು ಉಜ್ಜಿ 12ಕ್ಕೆ, ಅದನ್ನೂ ಉಜ್ಜಿ 20ಕ್ಕೆ. “ಎಷ್ಟು ಬರ್ತದೆ ಅಂತ ನಾ ಕೇಳೂದಿಲ್ಲ ತಂಗಿ,” ಎಂದಳು ಅಕ್ಕ, ಒಣ ಸೀಗಡಿಯನ್ನು ಪೇಪರಿನಲ್ಲಿ ಸುತ್ತುತ್ತ, “ಯಾವತ್ತು ಅಂತ ಒಂದು ಹೇಳಿದ್ರೆ ಅಂಗಡಿಯವರಿಗೆ ಮಾತು ಕೊಡ್ಲಕ್ಕು.”